ಮೈನಸ್ ಎಂಬತ್ತರ ಪೆಟ್ಟಿಗೆ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಟೆಂಡರಮ್ಮ ವಿಶ್ವವಿದ್ಯಾಲಯದ ಲಸಿಕೆ ಲ್ಯಾಬಿನ ಶೀತಕೋಣೆಯ ಬಾಗಿಲು ತೆಗೆದಳು. ಒಳಗೆ ಸದ್ದೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಆ ದೊಡ್ಡ ಫ್ರೀಜರಿನ ಗೊರಗೊರ ಕೇಳಿದವಳು ಆಕೆ. ಬಾಗಿಲಲ್ಲೇ ನಿಂತುಬಿಟ್ಟಳು.

ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಅಲಾರಂ ಪೆಟ್ಟಿಗೆಯ ಸ್ವಿಚ್ಚೂ ಆಫ್ ಆಗಿತ್ತು. ಫ್ರೀಜರ್ ಬಾಗಿಲ ಮೇಲಿನ ಮುಳ್ಳು ಮೈನಸ್ ಹದಿನೆಂಟು ಡಿಗ್ರಿ ತೋರಿಸುತ್ತಿತ್ತು. ಇರಬೇಕಾದದ್ದು ಮೈನಸ್ ಎಂಬತ್ತು.

ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಬಂದ. ಮೂರು ದಿನದಿಂದ ಅವನಿಗೆ ಫ್ಲೂ ಜ್ವರ. ಮೂಗು ಕೆಂಪಾಗಿತ್ತು, ಮೈಕೈ ನೋವು ಬೇರೆ. ರಜೆ ಕೇಳಿದವನಿಗೆ ಮೇಲಧಿಕಾರಿ ಈ ಕೇಸನ್ನು ಅಂಟಿಸಿದ್ದ.

"ಫ್ರೀಜರ್ ನಿಂತ್ರೆ ಮೆಕ್ಯಾನಿಕ್ ಕರೀಬೇಕು. ನಾನ್ಯಾಕೆ?" ಎಂದು ಗೊಣಗಿದ.

"ಇದರಲ್ಲಿ ನನ್ನ ಇಪ್ಪತ್ತೆರಡು ವರ್ಷ ಇತ್ತು," ಎಂದರು ಪ್ರೊಫೆಸರ್ ಮೇಡಂ. ವೈರಸ್ ವಿಜ್ಞಾನಿ. ವಯಸ್ಸು ಅರವತ್ತೊಂದು. ಅತ್ತು ಮುಗಿಸಿದವರ ಮುಖ. "ನಿಮಗೆ ಈಗ ಬಂದಿದೆಯಲ್ಲ, ಆ ವೈರಸ್ ವರ್ಷವರ್ಷ ಅಂಗಿ ಬದಲಾಯಿಸುತ್ತೆ. ಅದಕ್ಕೇ ವರ್ಷವರ್ಷ ಹೊಸ ಲಸಿಕೆ. ಆದ್ರೆ ಅಂಗಿಯೊಳಗಿನ ಮೈ ಅಷ್ಟಾಗಿ ಬದಲಾಗಲ್ಲ. ಆ ಮೈಯನ್ನೇ ಗುರುತು ಹಿಡಿಯೋ ಲಸಿಕೆ ಮಾಡ್ತಿದ್ದೆ. ಎಲ್ಲ ವರ್ಷಕ್ಕೂ ಒಂದೇ."

"ನಾವೂ ಹಳೇ ಕಳ್ಳರನ್ನ ನಡಿಗೆ ನೋಡೇ ಹಿಡಿಯೋದು. ಮಾಡ್ತಿದ್ದೆ ಅಂದ್ರಲ್ಲ, ಈಗ ಇಲ್ವಾ?"

"ಸೋತೆ. ಮೊದಲು ಇಲಿಗಳಿಗೆ ರಕ್ಷಣೆ ಸಿಗ್ತಿತ್ತು. ಎಂಟು ತಿಂಗಳಿಂದ ಒಂದಕ್ಕೂ ಇಲ್ಲ. ಕೆಲಸ ಮಾಡಲ್ಲ, ನಿಲ್ಲಿಸಿ ಅಂತ ಶುಕ್ರವಾರ ನಾನೇ ಸಮಿತಿಗೆ ಬರೆದೆ. ಮಂಗಳವಾರ ಬಾಗಿಲು ಹಾಕ್ತಾರೆ."

ಇನ್ಸ್‌ಪೆಕ್ಟರ್ ಸೀನಿದ. ಸತ್ತ ಲಸಿಕೆಯನ್ನು ಕೊಲ್ಲುವ ದರ್ದು ಯಾರಿಗಿತ್ತು?

* * *

ಮೇಲಿನ ಮಹಡಿಯ ಪ್ರೊಫೆಸರಿಗೆ ಈ ಕೋಣೆಯ ಮೇಲೆ ಬಹಳ ದಿನದಿಂದ ಕಣ್ಣಿತ್ತು.

"ಕಣ್ಣಿತ್ತು, ನಿಜ," ಎಂದು ಆತ ನಕ್ಕ. "ಮಂಗಳವಾರ ಹೇಗೂ ನನಗೇ ಸಿಗ್ತಿತ್ತಲ್ಲ. ಮೂರು ದಿನ ಕಾಯೋಕಾಗದೆ ಪ್ಲಗ್ ಕೀಳ್ತೀನಾ? ನಿನ್ನೆ ಸಂಜೆ ನೂರೈವತ್ತು ಜನರ ಮುಂದೆ ಭಾಷಣ ಮಾಡ್ತಿದ್ದೆ. ಅರ್ಧ ಜನ ತೂಕಡಿಸ್ತಿದ್ರು. ಉಳಿದರ್ಧ ಸಾಕ್ಷಿ ಹೇಳ್ತಾರೆ."

ಬಾಗಿಲಿನ ಕಾರ್ಡ್ ಯಂತ್ರ ಇನ್ನೊಂದು ಕತೆ ಹೇಳಿತು. ಶನಿವಾರ ಸಂಜೆ ಆರು ಹತ್ತಕ್ಕೆ ಒಳಗೆ ಹೋದದ್ದು ಮೇಡಂ ಅವರ ಕಾರ್ಡ್.

"ಅದು ಯಾವಾಗ್ಲೂ ನನ್ನ ಬಿಳಿ ಕೋಟಿನ ಜೇಬಲ್ಲೇ ಇರುತ್ತೆ. ಕೋಟು ಅಲ್ಲಿ, ಮೊಳೆ ಮೇಲೆ. ಎಲ್ಲರಿಗೂ ಗೊತ್ತು."

"ಆ ಹೊತ್ತಿಗೆ ನೀವೆಲ್ಲಿದ್ರಿ?"

"ಮನೇಲಿ, ಸೋಫಾ ಮೇಲೆ ಬಿದ್ಕೊಂಡಿದ್ದೆ. ಬೇಕಾದ್ರೆ ನಮ್ಮ ಯಜಮಾನರನ್ನ ಕೇಳಿ."

ಗಂಡನ ಸಾಕ್ಷಿ ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೆಂದು ಇನ್ಸ್‌ಪೆಕ್ಟರಿಗೆ ಗೊತ್ತು. ಸೋಲನ್ನು ಮುಚ್ಚಲು ಈಕೆಯೇ ಕೈಯಾರೆ ಮಾಡಿಕೊಂಡಿರಬಹುದು. ಕೇಸು ಅಲ್ಲಿಗೇ ಮುಗಿದರೆ ಮನೆಗೆ ಹೋಗಿ ಹೊದ್ದು ಮಲಗಬಹುದು ಎಂಬ ಆಸೆಯೂ ಬಂತು.

ಹೊರಗೆ ಉಪನ್ಯಾಸಕ ಕಾದಿದ್ದ. ಮೇಡಂ ಅವರ ಹಳೆಯ ಶಿಷ್ಯ, ಈಗ ಅವರ ಬಲಗೈ. ಇನ್ಸ್‌ಪೆಕ್ಟರಿಗೆ ಬಿಸಿನೀರು ತಂದುಕೊಟ್ಟ.

"ಮೇಡಂನ ಜಾಸ್ತಿ ಕೆದಕಬೇಡಿ ಸರ್. ಮನಸ್ಸು ಕೆಟ್ಟಿದೆ. ಆ ಸ್ಥಿತೀಲಿ ಮನುಷ್ಯ ಏನು ಬೇಕಾದ್ರೂ ಮಾಡ್ಬಿಡ್ತಾನೆ."

ಕಾಪಾಡುವ ಮಾತು. ಆದರೆ ಬೆರಳು ಮಾತ್ರ ಮೇಡಂ ಕಡೆಗೇ ತೋರಿಸುತ್ತಿತ್ತು. ಇನ್ಸ್‌ಪೆಕ್ಟರ್ ನೀರು ಕುಡಿದು ಲೋಟ ಹಿಂದಿರುಗಿಸಿದ.

* * *

"ಫ್ರೀಜರಲ್ಲಿರೋದೆಲ್ಲಾ ಹೊರಗೆ ತೆಗೀರಿ," ಎಂದ ಇನ್ಸ್‌ಪೆಕ್ಟರ್. ಉಪನ್ಯಾಸಕನೂ ಅವನ ಹಿಂದೆಯೇ ಒಳಗೆ ಬಂದಿದ್ದ.

ಅಟೆಂಡರಮ್ಮ ಒಂದೊಂದೇ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಕೊನೆಗೆ ಹಿಂದಿನ ಮೂಲೆಯಿಂದ ಒಂದು ಪ್ಲಾಸ್ಟಿಕ್ ಲೋಟ ಬಂತು. ಅದರ ತುಂಬ ಗಟ್ಟಿ ಮಂಜುಗಡ್ಡೆ.

"ಇದೇನಮ್ಮ?"

"ನನ್ನ ಹಳೇ ಅಭ್ಯಾಸ ಸಾರ್," ಆಕೆ ನಾಚಿಕೊಂಡಳು. "ಈ ಅಲಾರಂ ಬರೋ ಮುಂಚೆ ಹಿಂಗೇ ನೋಡ್ತಿದ್ವಿ. ನೀರು ಹೆಪ್ಪುಗಟ್ಟಿದ ಮೇಲೆ ಮೇಲೊಂದು ನಾಣ್ಯ ಇಡೋದು. ಕರೆಂಟ್ ಹೋಗಿ ಕರಗಿದ್ರೆ ನಾಣ್ಯ ಮುಳುಗುತ್ತೆ. ಈಗ ಎಲ್ರೂ ನಗ್ತಾರೆ. ಆದ್ರೂ ಪ್ರತಿ ಜನವರಿ ಹೊಸದಾಗಿ ಇಡ್ತೀನಿ."

"ಮೇಲೆ ನಾಣ್ಯ ಕಾಣ್ತಿಲ್ವಲ್ಲ."

ಆಕೆ ಲೋಟ ಎತ್ತಿ ಬೆಳಕಿಗೆ ಹಿಡಿದಳು. ನಾಣ್ಯ ತಳದಲ್ಲಿತ್ತು. ಅದರ ಮೇಲೆ ನಾಲ್ಕು ಬೆರಳು ಗಟ್ಟಿ ಮಂಜು.

"ಅಯ್ಯೋ!" ಎಂದಳು ಅಟೆಂಡರಮ್ಮ.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತ. ಜ್ವರದ ತಲೆ ನಿಧಾನವಾಗಿ ಓಡುತ್ತದೆ, ಆದರೆ ಓಡುತ್ತದೆ.

"ಮೇಡಂ, ನಿನ್ನೆ ಸಂಜೆಯಿಂದ ಇವತ್ತಿನ ತನಕ ಇದು ನೀರಾಗಿತ್ತಾ?"

"ಸಾಧ್ಯವೇ ಇಲ್ಲ. ಈಗಲೂ ಮೈನಸ್ಸಲ್ಲೇ ಇದೆ. ನನ್ನ ಲಸಿಕೆ ಕೆಡೋಕೆ ಈ ಮೈನಸ್ ಹದಿನೆಂಟೇ ಸಾಕು, ಮಂಜು ಕರಗೋಕೆ ಸಾಲದು."

"ಹಾಗಾದ್ರೆ ನಾಣ್ಯ ಮುಳುಗಿದ್ದು ನಿನ್ನೆ ಅಲ್ಲ. ಜನವರಿ ಆದ್ಮೇಲೆ ಯಾವತ್ತೋ ಈ ಪೆಟ್ಟಿಗೆ ಪೂರ್ತಿ ಕರಗಿದೆ. ಆಮೇಲೆ ಯಾರೋ ಮತ್ತೆ ಹೆಪ್ಪುಗಟ್ಟಿಸಿ ಬಾಯಿ ಮುಚ್ಕೊಂಡಿದ್ದಾರೆ. ನಿಮ್ಮ ಇಲಿಗಳಿಗೆ ರಕ್ಷಣೆ ನಿಂತದ್ದು ಯಾವಾಗ?"

ಮೇಡಂ ಪ್ರಯೋಗದ ಪುಸ್ತಕ ತೆರೆದರು. ಬೆರಳಿಟ್ಟು ದಿನಾಂಕ ಹುಡುಕಿದರು. "ಫೆಬ್ರವರಿ ಮೂರನೇ ವಾರದ ನಂತರ ಕೊಟ್ಟ ಒಂದು ಡೋಸೂ ಹಿಡಿದಿಲ್ಲ. ಆದ್ರೆ ಫ್ರೀಜರ್ ಪುಸ್ತಕದಲ್ಲಿ ಪ್ರತಿ ವಾರ 'ಸರಿ ಇದೆ' ಅಂತ ಸಹಿ ಇದೆ. ಅದಕ್ಕೇ ತಪ್ಪು ನನ್ನ ತಲೇಲೇ ಇದೆ ಅಂದ್ಕೊಂಡೆ."

"ಈ ಸೀಸೆಗಳನ್ನ ಬೇರೆ ಯಾರಾದ್ರೂ ಪರೀಕ್ಷೆ ಮಾಡೋರಿದ್ರಾ?"

"ನಾಳೆ ಹತ್ತು ಸೀಸೆ ಹೊರಗಿನ ಲ್ಯಾಬಿಗೆ ಕಳಿಸೋಳಿದ್ದೆ. ಕೊನೇ ಆಸೆ. ಇವನಿಗೆ ಮಾತ್ರ ಹೇಳಿದ್ದೆ."

ಎಲ್ಲರೂ ಉಪನ್ಯಾಸಕನ ಕಡೆ ತಿರುಗಿದರು.

ಇನ್ಸ್‌ಪೆಕ್ಟರ್ ಫ್ರೀಜರ್ ಪುಸ್ತಕದ ಹಾಳೆ ಮಗುಚಿದ. ಅಲಾರಂ ಹೊಡೆದರೆ ಕರೆ ಬರುವ ಫೋನ್ ವಾರಕ್ಕೊಬ್ಬರ ಕೈಗೆ ಹೋಗುತ್ತಿತ್ತು; ಆ ವಾರದ ಸಹಿಯೂ ಅವರದೇ. ಫೆಬ್ರವರಿ ಮೂರನೇ ವಾರದ ಸಹಿ ಉಪನ್ಯಾಸಕನದು.

"ಹೊರಗಿನವರು ನೋಡಿದ್ರೆ ಔಷಧ ಮೊದಲೇ ಸತ್ತಿತ್ತು ಅಂತ ಗೊತ್ತಾಗ್ತಿತ್ತು," ಇನ್ಸ್‌ಪೆಕ್ಟರ್ ಹೇಳಿದ. "ಯಾವಾಗ ಸತ್ತಿತು, ಯಾರ ಪಾಳಿ ಅಂತ ಹುಡುಕ್ತಿದ್ರು. ನಿನ್ನೆ ಪ್ಲಗ್ ಕಿತ್ರೆ ಎಲ್ಲಾ ನಿನ್ನೆಯ ಲೆಕ್ಕಕ್ಕೆ ಹೋಗುತ್ತೆ. ಸೋತ ಲಸಿಕೆ ಕೆಡಿಸಿ ಲಾಭ ಆಗೋದು ನಿಮ್ಮೊಬ್ಬರಿಗೇ. ಫೆಬ್ರವರೀಲಿ ಆ ಫೋನಿಗೆ ಬಂದ ಕರೆಗಳ ಪಟ್ಟಿ ಸಂಜೆಯೊಳಗೆ ತರಿಸ್ತೀನಿ. ಅಷ್ಟು ಹೊತ್ತು ಕಾಯೋಣ್ವಾ?"

ಉಪನ್ಯಾಸಕ ಗೋಡೆಗೆ ಒರಗಿದ.

"ಆ ಅಲಾರಂ ಸುಮ್ಸುಮ್ನೆ ಹೊಡ್ಕೊಳ್ತಿತ್ತು ಮೇಡಂ. ಶುಕ್ರವಾರ ಹೊಡೀತು, ಆಫ್ ಮಾಡಿ ಮಲಗಿದೆ. ಸೋಮವಾರ ಬಂದ್ರೆ ಫ್ಯೂಸ್ ಹೋಗಿತ್ತು. ಎಲ್ಲಾ ನೀರು. ಅದೇ ವಾರ ನನ್ನ ಕೆಲಸ ಕಾಯಂ ಆಗೋದಿತ್ತು. ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಹೇಳೋಕಾಗ್ಲಿಲ್ಲ."

"ಎಂಟು ತಿಂಗಳು," ಎಂದರು ಮೇಡಂ. ಸಿಟ್ಟು ಮಾಡುವಷ್ಟು ಶಕ್ತಿ ಅವರ ದನಿಯಲ್ಲಿ ಇರಲಿಲ್ಲ. "ಎಲ್ಲಿ ತಪ್ಪಿದೆ ಅಂತ ದಿನಾ ಹುಡುಕ್ತಿದ್ದೆ. ನೀನೂ ಪಕ್ಕದಲ್ಲಿ ಕೂತು ಹುಡುಕ್ತಿದ್ಯಲ್ಲೋ. ನಿನ್ನೆ ನನ್ನ ಕಾರ್ಡೇ ಬೇಕಿತ್ತಾ ನಿನಗೆ?"

ಇನ್ಸ್‌ಪೆಕ್ಟರ್ ಜೊತೆ ಬಂದಿದ್ದ ಪೇದೆ ಉಪನ್ಯಾಸಕನನ್ನು ಕರೆದುಕೊಂಡು ಮೆಟ್ಟಿಲಿಳಿದ.

* * *

ಇನ್ಸ್‌ಪೆಕ್ಟರ್ ಹೇಳಿಕೆ ಬರೆದು ಮುಗಿಸುವಾಗ ಮಧ್ಯಾಹ್ನ ದಾಟಿತ್ತು. ಮೇಜಿನ ಮೇಲೆ ಸಾಲಾಗಿ ನಿಂತಿದ್ದ ಸೀಸೆಗಳೆಲ್ಲ ಎಸೆಯಲಿಕ್ಕೇ ಲಾಯಕ್ಕು. ಮತ್ತೆ ತಯಾರಿಸಲು ಒಂದು ವರ್ಷವಾದರೂ ಬೇಕು. ಮೇಡಂ ಅವರ ನಿವೃತ್ತಿಗೆ ಉಳಿದದ್ದೂ ಹತ್ತಿರ ಹತ್ತಿರ ಅಷ್ಟೇ. ಇನ್ಸ್‌ಪೆಕ್ಟರಿಗೆ ಏನಾದರೂ ಸಮಾಧಾನ ಹೇಳಬೇಕೆನಿಸಿತು. ಕುರ್ಚಿ ಎಳೆದು ಅವರ ಪಕ್ಕಕ್ಕಿಟ್ಟ.

ಮೇಡಂ ಸಮಿತಿಯ ಅಧ್ಯಕ್ಷರಿಗೆ ಫೋನ್ ಹಚ್ಚಿದರು.

"ಭಾನುವಾರ ತೊಂದ್ರೆ ಕೊಡ್ತಿದ್ದೀನಿ, ಕ್ಷಮಿಸಿ. ಶುಕ್ರವಾರದ ಪತ್ರ ವಾಪಸ್ ತಗೋತೀನಿ. ಅದರಲ್ಲಿ ಬರೆದದ್ದು ತಪ್ಪು... ಇಲ್ಲ, ಕೆಲಸ ಮಾಡುತ್ತೆ ಅಂತಲೂ ಹೇಳ್ತಿಲ್ಲ. ನಾವು ಚುಚ್ಚಿದ್ದು ಲಸಿಕೆನೇ ಆಗಿರ್ಲಿಲ್ಲ. ಅದು ಕೆಲಸ ಮಾಡುತ್ತೋ ಇಲ್ವೋ, ನನಗೆ ಗೊತ್ತಿಲ್ಲ."

ಆ ಕಡೆಯಿಂದ ಏನೋ ಕೇಳಿದರು.

"ಹೌದು ಸರ್," ಎಂದರು ಮೇಡಂ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. "ನನಗೆ ಗೊತ್ತಿಲ್ಲ."