ಬರ್ತೀನಿ ಅನ್ನಬಾರದ ಕೋಣೆ

“ಕೆಲಸ ಮುಗಿದ್ಮೇಲೆ ಸುಮ್ನೆ ಎದ್ದು ಬಂದ್ಬಿಡಿ. ಆ ಕೋಣೆ ಹೊಸ್ತಿಲಲ್ಲಿ ‘ಬರ್ತೀನಿ’ ಅಂತ ಮಾತ್ರ ಅನ್ಬೇಡಿ,” ಎಂದಳು ಮನೆ ಕಾಯುವ ಮುದುಕಿ.

ಬೀಗ ರಿಪೇರಿಯವನಿಗೆ ನಗು ತಡೆಯಲಾಗಲಿಲ್ಲ. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದೆಂದು ಅಮ್ಮ ತಲೆಗೆ ಮೊಟಕಿ ಕಲಿಸಿದ್ದಳು. ಈಗ ‘ಬರ್ತೀನಿ’ ಅಂದರೂ ತಪ್ಪಂತೆ! ಮುದುಕಿ ನಗಲಿಲ್ಲ. ಹಿಂದೆ ಒಬ್ಬ ತಾಯಿ ಮಗಳನ್ನು ಆ ಕೋಣೆಯಲ್ಲಿ ಕೂರಿಸಿ, ಈಗ ಬರ್ತೀನಿ ಎಂದು ಹೋದವಳು ಇತ್ತ ತಲೆ ಹಾಕಲಿಲ್ಲವಂತೆ. ಮಗು ಬಾಗಿಲು ನೋಡುತ್ತಲೇ ಸತ್ತಿತು. ಸಾಕಿದ ದಾದಿಗೆ ಮಾಟ ಗೊತ್ತಿತ್ತು. ಇನ್ನು ಇಲ್ಲಿ ಆಡಿದ ಯಾರ ಮಾತೂ ಸುಳ್ಳಾಗದಿರಲೆಂದು ಹೊಸ್ತಿಲಡಿ ಮಗುವಿನ ಕೂದಲು ಹೂತು ಕಟ್ಟು ಹಾಕಿದಳು.

ಮಾತಿಗೂ ಬೀಗವೇ, ಅದನ್ನೂ ಬಿಚ್ಚಿಕೊಡುತ್ತೇನೆ ಬಿಡಿ ಎಂದ ಅವನು. ಬೇಗ ಮುಗಿಸಬೇಕಿತ್ತು. ತಾಯಿಯಿಲ್ಲದ ಮಗಳು ಶಾಲೆಯಿಂದ ಬಂದು ಕಿಟಕಿಯಲ್ಲೇ ಕಾಯುತ್ತಾಳೆ. ಅವನು ಬರುವವರೆಗೆ ತುತ್ತು ಮುಟ್ಟುವುದಿಲ್ಲ.

ಕೋಣೆಯಲ್ಲಿ ತುಕ್ಕಿನ ವಾಸನೆ, ಅದರಡಿ ಒಡೆದ ಹಾಲಿನ ವಾಸನೆ. ಮಧ್ಯಾಹ್ನದ ಬಿಸಿಲು ಕಿಟಕಿಯ ಗಾಜಿನವರೆಗೆ ಬಂದು ಅಲ್ಲೇ ನಿಂತಿತ್ತು. ಬಾಗಿಲ ಬೀಗದ ಮುರಿದ ಸ್ಪ್ರಿಂಗ್ ಕಿತ್ತು ಹೊಸದು ಕೂರಿಸಿದ, ಎಣ್ಣೆ ಬಿಟ್ಟ, ಚೀಲ ಹೆಗಲಿಗೇರಿಸಿದ. ಪಡಸಾಲೆಯಲ್ಲಿ ಮುದುಕಿ ನಿಂತಿದ್ದಳು. ಹಾಳು ಅಭ್ಯಾಸ, ಹೊಸ್ತಿಲು ದಾಟುವಾಗ ಬಾಯಿ ತಾನೇ ಆಡಿತು: “ಬರ್ತೀನಮ್ಮಾ.”

ಹಿಂದಿನಿಂದ ಮಗುವಿನ ದನಿಯೊಂದು “ಹೂಂ” ಎಂದಿತು.

ಓಡಿದ. ಮೆಟ್ಟಿಲಿಳಿದ. ಗೇಟು ದಾಟಿದ. ರಸ್ತೆಯ ತಿರುವಿನಲ್ಲಿ ಕಾಲಿಟ್ಟರೆ ಮತ್ತೆ ಅದೇ ಕೋಣೆ. ಹಿತ್ತಲ ಗೋಡೆ ಹಾರಿದ. ಅದೇ ಕೋಣೆ. ಹಾಲಿನ ವಾಸನೆ ಪ್ರತಿ ಸಲವೂ ಇನ್ನಷ್ಟು ಹತ್ತಿರ. ಬಾಗಿಲು ತೆರೆದೇ ಇತ್ತು. ಅದೇ ಅವನನ್ನು ಹೆಚ್ಚು ಹೆದರಿಸಿತು. ಹೊರಗೆ ಹೊತ್ತು ಇಳಿಯುತ್ತಿತ್ತು. ಪುಟ್ಟ ಬೆರಳುಗಳು ಅಂಗಿಯ ತುದಿ ಹಿಡಿದವು. ತಣ್ಣಗೆ. ಬಿಗಿಯಾಗಿ.

“ಅಪ್ಪಾ.”

ತನ್ನ ಮಗಳು ನೆನಪಾಗಿ ಅವನಿಗೆ ಅಳು ಬಂತು. ಮಾತೇ ಕಟ್ಟಿಹಾಕಿದೆ, ಮಾತೇ ಬಿಡಿಸಬೇಕು. ಮೆತ್ತಗೆ ಹೇಳಿದರೆ ಬಿಟ್ಟೀತೆಂದು ಹೊಸ್ತಿಲ ಮೇಲೆ ನಿಂತು ಹೇಳಿದ: “ಇಲ್ಲ ಮಗಳೇ. ಅಪ್ಪ ಇನ್ಮೇಲೆ ಬರಲ್ಲ.”

ಬೆರಳುಗಳು ಸಡಿಲಾದವು. ಈ ಸಲ ರಸ್ತೆ ರಸ್ತೆಯಾಗಿಯೇ ಉಳಿಯಿತು. ಏದುಸಿರು ಬಿಡುತ್ತ ಅವನು ತನ್ನ ಬೀದಿ ಮುಟ್ಟಿದ. ದೀಪ ಹತ್ತಿದ ಕಿಟಕಿಯಲ್ಲಿ ಮಗಳು ಕೂತಿದ್ದಳು. ಬಾಗಿಲಿಗೆ ಕೈಯಿಟ್ಟ, ನೋಡಿದರೆ ಬೀದಿಯ ತುದಿಯಲ್ಲಿ ನಿಂತಿದ್ದ. ಮತ್ತೆ ಓಡಿದ. ಮತ್ತೆ ಬೀದಿಯ ತುದಿ. ಕೂಗಿದ. ಅವಳು ಅವನತ್ತಲೇ ನೋಡಿದಳು, ಅವನು ಅವಳಿಗೆ ಕಾಣಲಿಲ್ಲ. ಅಪ್ಪ ಬರುವುದಿಲ್ಲವೆಂದು ಆ ಹೊಸ್ತಿಲ ಮೇಲೆ ಅವನೇ ಆಡಿ ಬಂದಿದ್ದ.

ಪಕ್ಕದ ಮನೆಯವಳು ತಟ್ಟೆ ತಂದು, ಇವತ್ತೊಂದು ದಿನ ತಿಂದುಬಿಡು ಮಗಾ ಎಂದು ಬೇಡಿಕೊಳ್ಳುತ್ತಿದ್ದಳು.

“ಇರಿ ಅತ್ತೆ, ಅಪ್ಪ ಬರ್ಲಿ,” ಎಂದಳು ಮಗಳು.