ಎರಡನೆಯ ಕೊಕ್ಕೆಯ ಬೆಲ್ಟ್

ನಾಟಕದ ತಾಲೀಮಿನಲ್ಲಿ ಹಾಡು ಅರ್ಧಕ್ಕೇ ನಿಂತಿತು. ಮರುಕ್ಷಣ ರಂಗದ ಹಲಗೆಗಳು ಧಡ್ ಎಂದವು.

ಪರದೆಯ ಹಿಂದಿನಿಂದ ಬದಲಿ ನಟಿ ಓಡಿ ಬಂದಾಗ ನಾಯಕಿ ಅಂಗಾತ ಬಿದ್ದಿದ್ದಳು. ಉಸಿರಿತ್ತು, ಎಚ್ಚರವಿರಲಿಲ್ಲ. ಹಾರುವ ದೃಶ್ಯಕ್ಕೆಂದು ಸೊಂಟಕ್ಕೆ ಬಿಗಿದಿದ್ದ ಬೆಲ್ಟಿನ ಪಟ್ಟಿ ಕಿತ್ತುಹೋಗಿ, ಅದರ ತುಂಡು ಮೇಲೆ ಹಗ್ಗದಲ್ಲಿ ತೂಗುತ್ತಿತ್ತು.

ಬೆಲ್ಟ್ ಬಿಚ್ಚಿ ನಾಯಕಿಯನ್ನು ಆಂಬುಲೆನ್ಸಿಗೆ ಏರಿಸಿದರು; ಅವಳ ತಾಯಿಯೂ ಹತ್ತಿ ಹೋದರು. ಆಮೇಲೆ ಇನ್ಸ್‌ಪೆಕ್ಟರಮ್ಮ ಬಂದರು. ಪಟ್ಟಿಯನ್ನು ಬೆಳಕಿಗೆ ಹಿಡಿದರು.

"ತಾನಾಗಿ ಹರಿದಿದ್ದಲ್ಲ. ಹೊಲಿಗೆ ಕತ್ತರಿಸಿದಾರೆ."

ಎಲ್ಲರ ಕಣ್ಣೂ ಬದಲಿ ನಟಿಯ ಮೇಲೆ ಬಿದ್ದವು. ನಾಯಕಿಯ ಪ್ರತಿ ಹಾಡು, ಪ್ರತಿ ಹೆಜ್ಜೆ ಕಲಿತು ಪರದೆಯ ಪಕ್ಕ ಕಾಯುವುದೇ ಅವಳ ಕೆಲಸ. ನಾಯಕಿ ಹಾಸಿಗೆ ಹಿಡಿದರೆ ಮಾತ್ರ ಅವಳಿಗೆ ರಂಗ.

"ನಾನಲ್ಲ ಮೇಡಂ..." ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನೀನೇನಂತೀಯಪ್ಪಾ?" ಇನ್ಸ್‌ಪೆಕ್ಟರಮ್ಮ ಹಗ್ಗ ಎಳೆಯುವವನತ್ತ ತಿರುಗಿದರು.

"ನಾನು ಮೇಲಿದ್ದೆ. ನಾಯಕಿ ಎಳಿ ಅಂದ್ಲು, ಎಳೆದೆ. ನಿನ್ನೆ ಎರಡೂ ಬೆಲ್ಟ್ ನಾನೇ ನೋಡಿ ಅವರವರ ಕೊಕ್ಕೆಗೆ ಹಾಕಿದ್ದೆ. ಸರಿಯಾಗಿದ್ವು."

ಅವನು ಬೆಲ್ಟಿನ ಒಳಮಗ್ಗುಲು ತಿರುಗಿಸಿದ. ಮುಖ ಬಿಳುಚಿತು. "ಇದು ನಾಯಕೀದಲ್ಲ! ಎರಡನೇ ಕೊಕ್ಕೇದು. ಹೊರಗಿಂದ ಎರಡೂ ಒಂದೇ ಥರ. ಒಳಗೆ ಬದಲಿ ಅಂತ ಬರೆದಿದೆ, ನೋಡಿ."

"ಇವತ್ತು ಇದನ್ನ ಯಾರು ಹಾಕ್ಕೋಬೇಕಿತ್ತು?"

"ಇವಳೇ. ಇವತ್ತು ಹಾರಿ ತೋರಿಸ್ಬೇಕಿತ್ತು."

ಬದಲಿ ನಟಿ ಕುಸಿದು ಕುಳಿತಳು. ಹಾಗಾದರೆ ಬೀಳಬೇಕಿದ್ದವಳು ತಾನು. ನಿರ್ದೇಶಕರು ನೀರು ತಂದುಕೊಟ್ಟರು. ಅವಳು ಲೋಟ ನೋಡಿದಳು, ಅವರ ಮುಖ ನೋಡಿದಳು. ಕುಡಿಯಲು ಧೈರ್ಯ ಬರಲಿಲ್ಲ.

"ಮೇಡಂ, ನನ್ನನ್ನ ಇವರ ಮಧ್ಯೆ ಬಿಟ್ಟು ಹೋಗ್ಬೇಡಿ."

* * *

ಆಸ್ಪತ್ರೆಗೆ ಹೊರಟ ಜೀಪಿನಲ್ಲಿ ಇನ್ಸ್‌ಪೆಕ್ಟರಮ್ಮ ಅವಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

"ಅವಳು ಬಿದ್ದಾಗ ಯಾರು ಏನಂದ್ರು?"

"ನಿರ್ದೇಶಕರು ಡಾಕ್ಟರ್ ಕರೀರಿ ಅಂದ್ರು. ಅವಳಮ್ಮ ಮೇಕಪ್ ಕೋಣೆ ಬಾಗಿಲಲ್ಲೇ ಎದೆ ಬಡ್ಕೊಂಡ್ರು. 'ಅಯ್ಯೋ, ಅದನ್ನ್ಯಾಕೆ ಹಾಕ್ಕೊಂಡ್ಯೇ ಮಗಳೇ' ಅಂತ."

ಇನ್ಸ್‌ಪೆಕ್ಟರಮ್ಮ ಚಾಲಕನಿಗೆ ಬೇಗ ಓಡಿಸಲು ಹೇಳಿದರು.

* * *

ಆಸ್ಪತ್ರೆಯ ಬೆಂಚಿನ ಮೇಲೆ ತಾಯಿ ಮುದುಡಿ ಕುಳಿತಿದ್ದರು.

"ಜೀವಕ್ಕೇನೂ ಭಯ ಇಲ್ವಂತೆ," ಇನ್ಸ್‌ಪೆಕ್ಟರಮ್ಮ ಪಕ್ಕದಲ್ಲಿ ಕುಳಿತರು. ಬದಲಿ ನಟಿ ಎದುರಿನ ಗೋಡೆಗೆ ಒರಗಿ ನಿಂತಳು. "ಒಂದು ಮಾತು ಕೇಳ್ತೀನಮ್ಮಾ. ಎರಡು ಬೆಲ್ಟೂ ಒಂದೇ ಥರ. ಹಗ್ಗ ಎಳೆಯೋನಿಗೇ ಒಳಗೆ ನೋಡೋವರೆಗೂ ಗೊತ್ತಾಗ್ಲಿಲ್ಲ. ಬಾಗಿಲಲ್ಲಿ ನಿಂತ ನಿಮಗೆ ಹೇಗೆ ಗೊತ್ತಾಯ್ತು? ಕಿತ್ತುಹೋಗೋದು ಯಾವುದು ಅಂತ ಮೊದಲೇ ಗೊತ್ತಿದ್ದೋರಿಗೆ ಮಾತ್ರ ಹಾಗೆ ಕೂಗೋಕಾಗೋದು."

ತಾಯಿ ಬದಲಿ ನಟಿಯತ್ತ ಬೆರಳು ಮಾಡಿದರು.

"ಮುಂದಿನ ತಿಂಗಳಿಂದ ಇವಳೇ ನಾಯಕಿ ಅಂತ ನಿರ್ದೇಶಕರು ಫೋನಲ್ಲಿ ಯಾರಿಗೋ ಹೇಳ್ತಿದ್ರು. ಬೆಳಿಗ್ಗೆ ಇವಳ ಬೆಲ್ಟಿನ ಹೊಲಿಗೆ ಕತ್ತರಿಸಿಟ್ಟೆ. ಕಾಲು ಉಳುಕ್ಲಿ ಅಂತ ಅಷ್ಟೇ... ದಿನಾ ಹದ್ದಿನ ಹಾಗೆ ಕಾಯ್ತಿದ್ಲು, ನನ್ನ ಮಗಳು ಯಾವಾಗ ಬೀಳ್ತಾಳೆ ಅಂತ!"

"ಇಲ್ಲಮ್ಮಾ!" ಬದಲಿ ನಟಿ ಬಿಕ್ಕಿದಳು. "ನನಗೆ ಎತ್ತರ ಅಂದ್ರೆ ಜೀವ ಹೋಗತ್ತೆ. ಅವಳು ಸೀನಿದ್ರೂ ನನ್ನ ಕೈಕಾಲು ನಡುಗ್ತಿತ್ತು. ಅವಳಿಗೇನೂ ಆಗದಿರ್ಲಿ ಅಂತ ಬೇಡ್ಕೊಳ್ತಾ ಕೂತಿರ್ತಿದ್ದೆ. ಈ ಬೆಲ್ಟ್ ನನ್ನ ಭಾರ ತಡೆಯತ್ತಾ ಅಂತ ಇವತ್ತು ಅವಳ ಹತ್ರ ಅತ್ತೆ. 'ಮೊದಲು ನಾನು ಹಾರಿ ತೋರಿಸ್ತೀನಿ' ಅಂದ್ಲು. ನನಗೆ ಧೈರ್ಯ ಬರ್ಲಿ ಅಂತಲೇ ನನ್ನ ಬೆಲ್ಟ್ ಹಾಕ್ಕೊಂಡಿದಾಳೆ. ನಾನು ನೋಡೋಕೂ ಹೆದರಿ ಕಣ್ಣು ಮುಚ್ಕೊಂಡಿದ್ದೆ."

ಬಾಗಿಲು ತೆರೆಯಿತು. ನರ್ಸ್ ಇಣುಕಿದಳು.

"ಎಚ್ಚರ ಆಗಿದೆ. ಅಮ್ಮ ಬೇಕಂತೆ."

ತಾಯಿ ಏಳಲಿಲ್ಲ. ಇನ್ಸ್‌ಪೆಕ್ಟರಮ್ಮನ ತೋಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದರು.

"ಬೇಗ ಕರ್ಕೊಂಡು ಹೋಗಿ, ಸ್ಟೇಷನ್ನಿಗೆ," ಎಂದರು. "ಆ ಕೋಣೆಗೆ ಮಾತ್ರ ಬೇಡ."