ಬಾಯವ್ವ ಮಣ್ಣು ಕೊಟ್ಟ ಹಲ್ಲು

೧೯೦೯ನೇ ಇಸವಿ ಫೆಬ್ರುವರಿ ೧೨ರ ಬೆಳಿಗ್ಗೆ ಸವದತ್ತಿ ಠಾಣೆಗೆ ಒಂದು ಫಿರ್ಯಾದಿ ಬಂತು. ಕಲ್ಲುಬಂಡೆಗಳ ಸರ್ವೆಗೆಂದು ಬಂಗಲೆಯಲ್ಲಿ ಇಳಿದಿದ್ದ ಸಾಹೇಬರ ಪೆಟ್ಟಿಗೆಯಿಂದ ಕಲ್ಲಾಗಿ ಹೋದ ಹಲ್ಲೊಂದು ಕಳುವಾಗಿತ್ತು. ಫಿರ್ಯಾದಿ ತಂದವನು ಸಾಹೇಬರ ಕಾರಕೂನ ಶಂಕರೆಪ್ಪ.

“ಎಷ್ಟ ದೊಡ್ಡದು?” ಎಂದು ಫೌಜದಾರ ಮಡಿವಾಳೆಪ್ಪ ಕೇಳಿದರು.

“ಜ್ವಾಳದ ಕಾಳಿನಷ್ಟ್ರಿ. ನಾಯಿಮೂತಿ ಶಾರ್ಕ್ ಅಂತ, ಸಮುದ್ರದ ಮೀನಿಂದು. ಸಾಹೇಬರು ತಮ್ಮ ಸೀಮಿಯಿಂದ ತಂದಿದ್ರು.”

“ನಮ್ಮಜ್ಜಿ ಉದುರಿಸಿದ್ದ ಒಂದ ಕೊಟ್ರ ನಡಿಯಂಗಿಲ್ಲೇನ್ರಿ?” ಶಿಪಾಯಿ ಲಕ್ಕಪ್ಪ ನಕ್ಕ.

ಬಂಗಲೆಯಲ್ಲಿ ಪಂಚನಾಮೆ ನಡೆಯಿತು. ಪೆಟ್ಟಿಗೆಯ ಪಕ್ಕದಲ್ಲೇ ಇದ್ದ ಬೆಳ್ಳಿ ಗಡಿಯಾರವನ್ನು ಯಾರೂ ಮುಟ್ಟಿರಲಿಲ್ಲ. ಹಲ್ಲು ಇಟ್ಟಿದ್ದ ಅರಳೆಯ ಮೇಲೆ ಚಿಟಿಕೆಯಷ್ಟು ವಿಭೂತಿ ಇತ್ತು. ಮಡಿವಾಳೆಪ್ಪನವರು ಅದನ್ನು ಬಹಳ ಹೊತ್ತು ನೋಡಿದರು.

“ಈ ಹಲ್ಲಿನ ಮಾತ ಯಾರ ಮುಂದ ಆಡೀರಿ?”

“ಕಸಾ ಹೊಡಿಯೋ ಬಾಯವ್ವ ಕೇಳಿದ್ಲರಿ. ಮನಷ್ಯಾರ್ನ ನುಂಗೋ ಮೀನಿಂದು ಅಂದ್ನಿ, ಚ್ಯಾಷ್ಟಿಗೆ.”

“ನಕ್ಕಳೇನು?”

“ಇಲ್ಲರಿ. ಸಮುದ್ರದಾಗ ಅಂಥಾ ಮೀನ ಬರೇ ಒಂದ ಇರತೈತೇನ್ರಿ ಅಂದ್ಲು. ನಾ ಹೂಂ ಅಂದ್ನಿ.”

ಬಾಯವ್ವನ ಗಂಡ ಬಸಲಿಂಗಪ್ಪ ಕಾರವಾರದಿಂದ ಮುಂಬಯಿಗೆ ಹೊರಟ ಹಡಗು ಮುಳುಗಿತ್ತು. ಹೆಣ ಸಿಕ್ಕಿರಲಿಲ್ಲ. ಬಳೆ ಒಡೆಯಲು ಬಂದ ಬಳಗವನ್ನು ಅವಳು, ಮಣ್ಣು ಕೊಡದೆ ಹೇಗೆ ಒಡೆಯಲಿ ಎಂದು ಕೇಳಿ ವರ್ಷಗಟ್ಟಲೆ ತಡೆದಿದ್ದು ಊರಿಗೆಲ್ಲ ಗೊತ್ತು. ಫೌಜದಾರರು ಬಾಗಿಲಲ್ಲಿ ನಿಂತಾಗ ಅವಳ ಕೈ ಬರಿದಾಗಿತ್ತು. ಬಳೆಯಿದ್ದ ಜಾಗದ ಚರ್ಮ ಇನ್ನೂ ಬಿಳಿಚಿಕೊಂಡಿತ್ತು.

“ಎಲ್ಲೈತವ್ವ?”

“ನಮ್ಮವರ ಹೊಲದಾಗ ಮಣ್ಣ ಕೊಟ್ಟೇನ್ರಿ.” ಅವಳು ಕೈ ಮುಗಿದಳು. “ತಗೀಬ್ಯಾಡ್ರಿ ಎಪ್ಪಾ. ಅದರ ಹೊಟ್ಟ್ಯಾಗ ಹ್ವಾದವ್ರು, ಹಲ್ಲಿಗರೆ ಒಂದೀಟು ಹತ್ತಿರತಾರು.”

ಫೌಜದಾರರು ಹೊಲದ ಕಡೆ ನಡೆದರು. ಪಂಚರ ಸಮಕ್ಷಮ, ಬನ್ನಿ ಗಿಡದ ಬುಡದಲ್ಲಿ, ಲಕ್ಕಪ್ಪ ಚಪ್ಪಲಿ ಬಿಟ್ಟು ಅಗೆದ. ಗೇಣು ಆಳದಲ್ಲಿ ಹೊಸ ಬಿಳಿ ಅರಿವೆಯ ಗಂಟು ಸಿಕ್ಕಿತು. ಬಾಯವ್ವ ಸದ್ದಿಲ್ಲದೆ ಅಳುತ್ತಿದ್ದಳು.

“ಇದ ಐತ್ರಿ,” ಎಂದ ಗುರುತು ಹಿಡಿಯಲು ಬಂದಿದ್ದ ಶಂಕರೆಪ್ಪ. ಆಮೇಲೆ ಅವಳ ಕಡೆ ನೋಡಿ, ಸಮಾಧಾನ ಮಾಡುವವನಂತೆ, “ತಂಗಿ, ನಾ ಸುಳ್ಳ ಹೇಳಿದ್ನಿ. ಈ ಮೀನಿನ ಜಾತಿ ಮನಷ್ಯಾರು ಹುಟ್ಟೂಕಿಂತ ಮೊದಲ ಅಳದ ಹೋಗೇತಿ. ನಿನ್ನ ಗಂಡನ್ನ ಇದು ತಿಂದಿಲ್ಲ,” ಎಂದ.

ಮಡಿವಾಳೆಪ್ಪನವರು ತಡೆಯಲು ಕೈ ಎತ್ತಿದರು. ಅಷ್ಟರಲ್ಲಿ ಮಾತು ಆಡಿಯಾಗಿತ್ತು.

ಅವಳ ಅಳು ನಿಂತಿತು.

“ತಿಂದಿಲ್ರಿ?”

“ಇಲ್ಲವ್ವ.”

“ಹಂಗಾರ ಕುಣಿ ಮುಚ್ಚ್ರಿ,” ಎಂದಳು. “ಯಾರೂ ಸತ್ತಿಲ್ಲ.”

ಮಧ್ಯಾಹ್ನ ಅವಳನ್ನು ದಸ್ತಗಿರಿ ಮಾಡಲಾಯಿತು. ಕಳವಿನ ಕಾರಣದ ಮುಂದೆ ಫೌಜದಾರರು ‘ಗಂಡನಿಗೆ ಮಣ್ಣು ಕೊಡಲು’ ಎಂದು ಬರೆದರು.

ಠಾಣೆಯ ದಾರಿಯುದ್ದಕ್ಕೂ ಬಾಯವ್ವ ತಲೆ ತಗ್ಗಿಸಲಿಲ್ಲ. ಎದುರಿಗೆ ಬಂದ ಗಂಡಸರ ಮುಖವನ್ನು ಒಂದೊಂದಾಗಿ ನೋಡುತ್ತ ನಡೆದಳು.